ಸ್ನೋಮೊಬೈಲ್ ಸವಾರಿಗೆ ಹೆಲ್ಮೆಟ್ ಕ್ಯಾಮೆರಾ: 5.3ಕೆ ಬೇಕೇ, 4ಕೆ ಸಾಕೇ?

ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕೂರಿಸಲು 5.3ಕೆ ಕ್ಯಾಮೆರಾ ಕೊಳ್ಳಬೇಕೋ, ಅದಕ್ಕಿಂತ ಕಡಿಮೆ ರೆಸಲ್ಯೂಶನ್ನಿನ (ಚಿತ್ರದ ಸೂಕ್ಷ್ಮತೆಯ) 4ಕೆ ಸಾಕೋ, ಅಥವಾ ಸುತ್ತಲೂ ಚಿತ್ರೀಕರಿಸುವ 360 ಡಿಗ್ರಿ ಕ್ಯಾಮೆರಾ ಮೇಲೋ ಎಂದು ಕೇಳಿದ್ದೀರಿ. ಬರುವ ಶನಿವಾರವೇ ಸ್ನೋಮೊಬೈಲಿನ, ಅಂದರೆ ಹಿಮದ ಮೇಲೆ ಓಡುವ ಮೋಟಾರು ವಾಹನದ, ಮೊದಲ ಸವಾರಿ ಎಂದೂ ಬರೆದಿದ್ದೀರಿ. ಕೆಲವು ಚಳಿಗಾಲಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು, ವಾರಗಟ್ಟಲೆ ಹೋಲಿಕೆಯ ವಿಡಿಯೊಗಳನ್ನು ನೋಡಿ, ಕೊನೆಗೆ ಅತಿ ಹೆಚ್ಚು ರೆಸಲ್ಯೂಶನ್ ಇದ್ದ ಕ್ಯಾಮೆರಾವನ್ನೇ ಕೊಂಡಿದ್ದೆ. ಅದು ಈಗ ಯಾವುದೋ ಕಾಡಿನ ನೆಲದಲ್ಲಿ ಬಿದ್ದಿದೆ.

ಆ ಸಲ ನನ್ನ ತಮ್ಮ ದೂರದೂರಿನಿಂದ ಬಂದಿದ್ದ. ಸ್ನೋಮೊಬೈಲ್ ಏರಿದ್ದು ಅವನಿಗೆ ಅದೇ ಮೊದಲು. ಮೊದಲ ಎರಡು ದಿನ ಕ್ಯಾಮೆರಾವನ್ನು ಹ್ಯಾಂಡಲ್‌ಬಾರ್‌ಗೆ ಬಿಗಿದು ಚಿತ್ರೀಕರಿಸಿದೆ. ಎಂಜಿನ್ನಿನ ಕಂಪನಕ್ಕೆ ಚಿತ್ರವೆಲ್ಲ ಜೆಲ್ಲಿಯಂತೆ ಕುಲುಕುತ್ತಿತ್ತಾದರೂ, ಅವನು ಮೊದಲ ತಿರುವಿನಲ್ಲೇ ವಾಹನವನ್ನು ಹಿಮದ ದಿಬ್ಬಕ್ಕೆ ನುಗ್ಗಿಸಿ, ಸೊಂಟದವರೆಗೆ ಹೂತುಕೊಂಡು ನಗುತ್ತ ನಿಂತ ದೃಶ್ಯ ಅದರಲ್ಲಿತ್ತು. ಮೂರನೆಯ ದಿನವಾದರೂ ಚಿತ್ರ ಸ್ಥಿರವಾಗಿ ಬರಲೆಂದು ಕ್ಯಾಮೆರಾವನ್ನು ಹೆಲ್ಮೆಟ್ಟಿನ ನೆತ್ತಿಗೆ ಸಾಗಿಸಲು ನಿರ್ಧರಿಸಿದೆ. ವಾಹನಗಳನ್ನು ಇಳಿಸಿಕೊಳ್ಳುತ್ತಿದ್ದ ಜಾಗದಲ್ಲಿ, ಮೈನಸ್ 18 ಡಿಗ್ರಿಯ ಬೆಳಗಿನಲ್ಲಿ, ಟ್ರೇಲರಿನ ಬಾಗಿಲಿಗೆ ಒರಗಿ ನಿಂತು, ಹೆಲ್ಮೆಟ್ಟನ್ನು ಜಾಕೆಟ್ಟಿನ ತೋಳಿನಿಂದ ಒರೆಸಿ, ಅಂಟು ಮೌಂಟಿನ (ಕ್ಯಾಮೆರಾ ಸಿಕ್ಕಿಸುವ ತಳದ) ಹಿಂದಿನ ಕಾಗದ ಸುಲಿದು ಒತ್ತಿದೆ. ಹತ್ತು ಎಣಿಸಿದೆ. ಎಳೆದು ನೋಡಿದೆ, ಅಲ್ಲಾಡಲಿಲ್ಲ. ಹೊರಟೆವು.

ಸುಮಾರು ಒಂದು ಗಂಟೆಯ ನಂತರ ಕಾಫಿಗೆಂದು ನಿಂತಾಗ ತಮ್ಮ ನನ್ನ ತಲೆಯನ್ನೇ ನೋಡುತ್ತ, "ಅಣ್ಣ, ಕ್ಯಾಮೆರಾ ತೆಗೆದಿಟ್ಟೆಯಾ?" ಎಂದು ಕೇಳಿದ. ನಾನು ತೆಗೆದಿಟ್ಟಿರಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿ, ತಗ್ಗಾದ ಕೊಂಬೆಗಳಿದ್ದ ಕಡೆಯೆಲ್ಲ ಇಳಿದು, ಕತ್ತಲಾಗುವವರೆಗೆ ಹಿಮವನ್ನು ಕೆದಕಿದೆವು. ಹುಡಿಹಿಮದಲ್ಲಿ ಬಿದ್ದ ಮುಷ್ಟಿಯಷ್ಟು ಗಾತ್ರದ ವಸ್ತು ತಾನು ಬಿದ್ದ ಗುರುತನ್ನೂ ಬಿಡುವುದಿಲ್ಲ. ನಮ್ಮ ಹಿಂದೆ ಬಂದ ವಾಹನಗಳು ಆ ದಾರಿಯನ್ನು ಆಗಲೇ ತುಳಿದು ಗಟ್ಟಿ ಮಾಡಿದ್ದವು.

ಇಲ್ಲಿ ನನ್ನ ತಪ್ಪು ಯಾವುದೆಂದು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಕಥೆ ಕೇಳಿದವರೆಲ್ಲ ಬೇರೆ ತಪ್ಪುಗಳನ್ನೇ ಹೆಕ್ಕಿ ತೋರಿಸುತ್ತಾರೆ. ಮೂರು ದಿನಗಳ ಚಿತ್ರೀಕರಣವನ್ನು ಒಂದೇ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿದ್ದು ತಪ್ಪೇ ಹೌದು. ಕ್ಯಾಮೆರಾಕ್ಕೆ ದಾರ ಕಟ್ಟದಿದ್ದುದೂ ತಪ್ಪೇ. ಆದರೆ ಅವೆರಡೂ ನಷ್ಟವನ್ನು ಹೆಚ್ಚಿಸಿದವೇ ಹೊರತು ನಷ್ಟಕ್ಕೆ ಕಾರಣವಾಗಲಿಲ್ಲ. ಕಾರಣವಾದದ್ದು, ಚಳಿಯಲ್ಲಿ ನಿಂತು ಅಂಟಿಸಿದ್ದು. ಅಂದು ರಾತ್ರಿ ಹೆಲ್ಮೆಟ್ಟನ್ನು ದೀಪದ ಕೆಳಗೆ ಹಿಡಿದು ನೋಡಿದಾಗ ಅದರ ಮೇಲೆ ಅಂಟಿನ ಒಂದು ಕಲೆಯೂ ಇರಲಿಲ್ಲ. ಕೊಂಬೆಯ ಹೊಡೆತಕ್ಕೆ ಗಟ್ಟಿಯಾದ ಅಂಟು ಹರಿದಿದ್ದರೆ ಅರ್ಧ ಪಟ್ಟಿಯಾದರೂ ಹೆಲ್ಮೆಟ್ಟಿನಲ್ಲಿ ಉಳಿಯಬೇಕಿತ್ತು. ಅಂದರೆ ಅದು ಕಿತ್ತುಕೊಂಡು ಬಂದದ್ದಲ್ಲ, ಅಂಟಿಯೇ ಇರಲಿಲ್ಲ.

ಈ ಮೌಂಟುಗಳ ಹಿಂದಿರುವ ಅಕ್ರಿಲಿಕ್ ಅಂಟು ಗೋಡೆಗೆ ಹೊಡೆದ ಮೊಳೆಯಂತೆ ತಕ್ಷಣ ಹಿಡಿಯುವ ವಸ್ತುವಲ್ಲ. ಅದು ತುಂಬ ನಿಧಾನವಾಗಿ ಹರಿಯುವ ದ್ರವದಂತೆ ಮೇಲ್ಮೈಯ ಕಣ್ಣಿಗೆ ಕಾಣದ ಏರುತಗ್ಗುಗಳೊಳಗೆ ಇಳಿಯಬೇಕು, ಹಾಗೆ ಇಳಿಯಲು ಅದು ಮೆತ್ತಗಿರಬೇಕು, ಮೆತ್ತಗಿರಲು ಬೆಚ್ಚಗಿರಬೇಕು. ಇಂಥ, ವಿಎಚ್‌ಬಿ ಎಂಬ ಹೆಸರಿನ, ಎರಡೂ ಬದಿ ಅಂಟುವ ಪಟ್ಟಿಗಳನ್ನು ತಯಾರಿಸುವ 3ಎಂ ಕಂಪನಿ ಕೊಡುವ ಲೆಕ್ಕದಂತೆ, ಕೋಣೆಯ ಉಷ್ಣತೆಯಲ್ಲಿ ಅಂಟಿಸಿದ 20 ನಿಮಿಷಕ್ಕೆ ಹಿಡಿತ ಸುಮಾರು ಶೇಕಡ 50ರಷ್ಟು, 24 ಗಂಟೆಗೆ ಶೇಕಡ 90ರಷ್ಟು ಬರುತ್ತದೆ. ಪೂರ್ತಿ ಬರಲು 72 ಗಂಟೆ ಬೇಕು. ನಾನು ಕೊಟ್ಟದ್ದು ಹತ್ತು ಸೆಕೆಂಡು, ಅದೂ ಅಂಟು ಬಿರುಸಾಗಿಬಿಡುವ ಚಳಿಯಲ್ಲಿ. ಸಾಲದೆಂಬಂತೆ ನನ್ನ ಹೆಲ್ಮೆಟ್ಟಿನದು ಹೊಳಪಿಲ್ಲದ ಮ್ಯಾಟ್ ಬಣ್ಣ, ಅದಕ್ಕೆ ಅಂಟು ಹಿಡಿಯುವುದೇ ಕಷ್ಟ. ತೋಳಿನಿಂದ ಒರೆಸಿದಾಗ ಕೊಳೆ ಹೋಗುವ ಬದಲು ಜಾಕೆಟ್ಟಿನ ಜಿಡ್ಡು ಅಲ್ಲಿಗೆ ಬಂದಿತ್ತು. ಇನ್ನೂ ಒಂದಿದೆ, ಹೇಳಲು ನಾಚಿಕೆಯಾಗುತ್ತದೆ: ಪೆಟ್ಟಿಗೆಯಲ್ಲಿ ಚಪ್ಪಟೆ ಮೌಂಟ್ ಒಂದು, ಬಾಗಿದ ಮೌಂಟ್ ಒಂದು ಇದ್ದವು, ಮತ್ತು ನಾನು ಗುಂಡಗಿನ ನೆತ್ತಿಗೆ ಚಪ್ಪಟೆಯದನ್ನೇ ಅಂಟಿಸಿದ್ದೆ. ಕೈಯಿಂದ ಎಳೆದು ನೋಡಿದ್ದು ಪರೀಕ್ಷೆಯೇ ಆಗಿರಲಿಲ್ಲ, ಏಕೆಂದರೆ ನೇರವಾಗಿ ಮೇಲಕ್ಕೆ ಎಳೆದಾಗ ಗಟ್ಟಿಯಾಗಿ ತೋರುವ ಪಟ್ಟಿ ಅಂಚಿನಿಂದ ಸುಲಿಯುವ ಬಲಕ್ಕೆ ಸುಲಭವಾಗಿ ಸೋಲುತ್ತದೆ, ಮತ್ತು ನೆತ್ತಿಯ ಮೇಲೆ ಎತ್ತರಕ್ಕೆ ನಿಂತ ಕ್ಯಾಮೆರಾದ ಮೇಲೆ ಗಾಳಿಯೂ ಕೊಂಬೆಯೂ ಹಾಕುವುದು ಸುಲಿಯುವ ಬಲವನ್ನೇ. ಒಮ್ಮೆ ಪೂರ್ತಿ ಕಚ್ಚಿಕೊಂಡ ಅಂಟು ಚಳಿಯನ್ನು ಚೆನ್ನಾಗಿಯೇ ತಾಳುತ್ತದೆ. ಕಚ್ಚಿಕೊಳ್ಳುವ ಮೊದಲೇ ಚಳಿ ತಾಗಿದರೆ ಮುಗಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯ ಕ್ರಮವನ್ನೇ ನಾನು ಒಪ್ಪುವುದಿಲ್ಲ. ಕ್ಯಾಮೆರಾ ಯಾವುದೆಂಬುದು ಆಮೇಲಿನ ಮಾತು, ಅದು ಎಲ್ಲಿ ಕೂರುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ, ಮತ್ತು ನೆತ್ತಿಯ ಮೇಲೆ ಮಾತ್ರ ಬೇಡ. ಅಲ್ಲಿಂದ ಬರುವ ಚಿತ್ರ ಎತ್ತರದಿಂದ ನೋಡಿದಂತಿದ್ದು ವೇಗವೇ ತಿಳಿಯುವುದಿಲ್ಲ; ಸುಮಾರು 150 ಗ್ರಾಂ ತೂಕದ ಪೆಟ್ಟಿಗೆಯೊಂದು ಗಾಳಿಗೆ ಎದುರಾಗಿ ನಿಂತು ಇಡೀ ದಿನ ಕತ್ತನ್ನು ಹಿಂದಕ್ಕೆ ಎಳೆಯುತ್ತದೆ; ಕೊಂಬೆಗೆ ಮೊದಲು ಸಿಗುವುದೂ ಅದೇ. ಹೆಲ್ಮೆಟ್ಟಿನ ಬದಿಯಲ್ಲಿಟ್ಟರೆ ತೂಕ ಒಂದೇ ಕಡೆಗೆ ವಾಲುತ್ತದೆ. ನಿಮ್ಮದು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಆಗಿದ್ದರೆ ಗದ್ದದ ಮೌಂಟೇ ಸರಿ. ಕೈಗಳು, ಹ್ಯಾಂಡಲ್‌ಬಾರ್, ಮುಂದಿನ ಬಾನೆಟ್ ಎಲ್ಲವೂ ಚೌಕಟ್ಟಿನಲ್ಲಿ ಬರುವುದರಿಂದ ನೋಡುವವರಿಗೆ ತಾವೇ ಓಡಿಸುತ್ತಿರುವಂತೆ ಅನಿಸುತ್ತದೆ, ಬಟನ್ನಿಗಾಗಿ ಕೈ ತಡಕಾಡಬೇಕಾಗಿಯೂ ಇಲ್ಲ.

ಗದ್ದಕ್ಕೂ ಒಂದು ಕಾಟವಿದೆ, ಉಸಿರು. ಗದ್ದದ ಕಿಂಡಿಗಳಿಂದ ಹೊರಬರುವ ತೇವದ ಉಸಿರು ಲೆನ್ಸಿನ ಮೇಲೆ ತೆಳುವಾದ ಮಂಜುಗಡ್ಡೆಯಾಗಿ ಕೂರುತ್ತದೆ, ಮತ್ತು ಅದನ್ನು ನೀವು ಬಾಯಿಯಿಂದ ಊದಿ ತೆಗೆಯಲು ಹೋದರೆ ಇನ್ನಷ್ಟು ಕೂರುತ್ತದೆ. ಹೆಲ್ಮೆಟ್ಟಿನೊಳಗೆ ಉಸಿರನ್ನು ಕೆಳಕ್ಕೆ ತಿರುಗಿಸುವ ತಡೆಯನ್ನು ಹಾಕಿಕೊಂಡು, ನಿಂತಾಗಲೆಲ್ಲ ಒಣಗಿದ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಕ್ಯಾಮೆರಾ. ಚಳಿಯಲ್ಲಿ ಸೋಲುವುದು ರೆಸಲ್ಯೂಶನ್ ಅಲ್ಲ, ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿಯ ಒಳಗಿನ ಪ್ರತಿರೋಧ ಚಳಿಗೆ ಹೆಚ್ಚುವುದರಿಂದ, ಚಾರ್ಜ್ ಇನ್ನೂ ಉಳಿದಿರುವಾಗಲೇ ವೋಲ್ಟೇಜ್ ಕುಸಿದು ಕ್ಯಾಮೆರಾ ಆರಿಹೋಗುತ್ತದೆ. ಅದೇ ಬ್ಯಾಟರಿ ಜೇಬಿನಲ್ಲಿ ಬೆಚ್ಚಗಾದ ಮೇಲೆ ಮತ್ತೆ ಎದ್ದು ಕೂರುತ್ತದೆ. ಹಾಗಾಗಿ ಬ್ಯಾಟರಿ ಬದಲಿಸಲು ಬರುವ, ತಯಾರಕರೇ ಮೈನಸ್ 20 ಡಿಗ್ರಿಯವರೆಗೆ ಕೆಲಸ ಮಾಡುತ್ತದೆಂದು ಬರೆದಿರುವ ಕ್ಯಾಮೆರಾವನ್ನೇ ನೋಡಿ. 2022ರಲ್ಲಿ ಬಂದ ಡಿಜೆಐ ಓಸ್ಮೊ ಆ್ಯಕ್ಷನ್ 3 ಅಂಥದ್ದು. ಅದೇ ವರ್ಷ ಇನ್ನೊಂದು ಕ್ಯಾಮೆರಾ ಕಂಪನಿಯಾದ ಗೋಪ್ರೊ ಕೂಡ ಚಳಿಗೆಂದೇ ಎಂಡ್ಯೂರೊ ಬ್ಯಾಟರಿಯನ್ನು ತಂದಿತು. ಎರಡು ಹೆಚ್ಚುವರಿ ಬ್ಯಾಟರಿಗಳು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ. ಹೆಪ್ಪುಗಟ್ಟಿದಂತಿರುವ ಬ್ಯಾಟರಿಯನ್ನು ಮಾತ್ರ ಕೂಡಲೇ ಚಾರ್ಜಿಗೆ ಹಾಕಬೇಡಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ.

5.3ಕೆ ಅಥವಾ 4ಕೆ? 4ಕೆ ಸಾಕು. ಸ್ಥಿರತೆಯ ವಿಷಯದಲ್ಲಿ, 2018ರಲ್ಲಿ ಗೋಪ್ರೊ ಹೀರೊ 7 ಬ್ಲ್ಯಾಕ್ ತಂದ, ಚಿತ್ರದ ಕುಲುಕಾಟವನ್ನು ತಗ್ಗಿಸುವ ಹೈಪರ್‌ಸ್ಮೂತ್‌ನ ನಂತರ ಒಳ್ಳೆಯ ಆ್ಯಕ್ಷನ್ ಕ್ಯಾಮೆರಾಗಳ ನಡುವೆ ಜಗಳವಾಡುವಷ್ಟು ವ್ಯತ್ಯಾಸವನ್ನು ನಾನು ಕಂಡಿಲ್ಲ. ಅದಕ್ಕಿಂತ ನೀವು ನೋಡಬೇಕಾದದ್ದು, ದಪ್ಪ ಕೈಗವಸಿನಲ್ಲಿ ಒಂದೇ ಸಲ ಬಟನ್ ಒತ್ತಿದರೆ ಕ್ಯಾಮೆರಾ ಹೊತ್ತಿಕೊಂಡು ರೆಕಾರ್ಡಿಂಗ್ ಶುರುವಾಗುತ್ತದೆಯೇ ಎಂಬುದನ್ನು. ಎಂಜಿನ್ನಿನ ಸದ್ದಿನಲ್ಲಿ ಅದರ ಬೀಪ್ ಕೇಳಿಸುವುದಿಲ್ಲ, ಕೆಂಪು ದೀಪ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಮಾತಿನಲ್ಲಿ ಕೊಡುವ ಆಜ್ಞೆ ಗಾಳಿಯಲ್ಲಿ ಹಾರಿಹೋಗುತ್ತದೆ. 360 ಡಿಗ್ರಿಯದನ್ನು ನಾನು ಬೇಡವೆನ್ನುತ್ತೇನೆ, ಎರಡೂ ಕಡೆ ಉಬ್ಬಿದ ಲೆನ್ಸ್ ಕೊಂಬೆಗಳ ನಡುವೆ ಬಹಳ ದಿನ ಬಾಳುವುದಿಲ್ಲ.

ಕಾರ್ಡ್ ವಿ30 ದರ್ಜೆಯದಾಗಿರಲಿ, ಅಂದರೆ ವಿಡಿಯೊವನ್ನು ತಡೆಯಿಲ್ಲದೆ ಬರೆದುಕೊಳ್ಳುವಷ್ಟು ವೇಗದ್ದು. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ, ಆದ್ದರಿಂದ 64 ಜಿಬಿ ಕಾರ್ಡ್ ಒಂದು ಬೆಳಗಿಗೇ ಸಾಲದು. ನಾನೀಗ ದಿನಕ್ಕೊಂದು ಕಾರ್ಡ್ ಬಳಸಿ, ಸಂಜೆ ಅದನ್ನು ತೆಗೆದು ಬೇರೆ ಡಬ್ಬಿಯಲ್ಲಿ ಇಡುತ್ತೇನೆ. ಹಿಮದ ಬಿಳುಪನ್ನು ಕ್ಯಾಮೆರಾದ ಬೆಳಕಿನ ಮೀಟರ್ ಬೂದು ಎಂದೇ ತಿಳಿದು ಚಿತ್ರವನ್ನು ಮಂಕಾಗಿಸುವುದರಿಂದ ಎಕ್ಸ್‌ಪೋಶರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಕ್ಯಾಮೆರಾದ ಅಳತೆಯಲ್ಲಿ ಅರ್ಧ ಸ್ಟಾಪ್ ಏರಿಸಿಕೊಳ್ಳಿ. ಮನೆಗೆ ಬಂದಾಗ ತಣ್ಣಗಿರುವ ಕ್ಯಾಮೆರಾವನ್ನು ಹೊರಗಡೆಯೇ ಗಾಳಿಯಾಡದ ಚೀಲಕ್ಕೆ ಹಾಕಿ, ಅದು ಕೋಣೆಯ ಉಷ್ಣತೆಗೆ ಬರುವವರೆಗೆ ಚೀಲ ತೆರೆಯಬೇಡಿ. ಇಲ್ಲದಿದ್ದರೆ ಮನೆಯ ತೇವವೆಲ್ಲ ಅದರ ಮೇಲೆ ನೀರಾಗುತ್ತದೆ.

ಶನಿವಾರ ಬೆಳಿಗ್ಗೆ ಹೊರಡುವುದಾದರೆ ಮಂಗಳವಾರ ರಾತ್ರಿಯೇ ಮನೆಯೊಳಗೆ ಕುಳಿತು, ಬೆಚ್ಚಗಾದ ಹೆಲ್ಮೆಟ್ಟಿನ ಗದ್ದವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಒಣಗಿಸಿ, ಗದ್ದದ ಆಕಾರಕ್ಕೆ ಹೊಂದುವ ಬಾಗಿದ ಮೌಂಟನ್ನು ಅಂಟಿಸಿ. ಕ್ಯಾಮೆರಾವನ್ನು ಮೌಂಟಿಗೆ ಸಿಕ್ಕಿಸದೆ ಶುಕ್ರವಾರ ರಾತ್ರಿಯವರೆಗೆ ಹೆಲ್ಮೆಟ್ಟನ್ನು ಬೆಚ್ಚಗಿನ ಕೋಣೆಯಲ್ಲೇ ಬಿಡಿ. ಕ್ಯಾಮೆರಾದಿಂದ ಒಂದು ತೆಳು ದಾರವನ್ನು ಹೆಲ್ಮೆಟ್ಟಿನ ಕಿಂಡಿಗೆ ಕಟ್ಟಿ, ಕುತ್ತಿಗೆಗಾಗಲಿ ಗದ್ದದ ಪಟ್ಟಿಗಾಗಲಿ ಬೇಡ, ಮತ್ತು ದಾರ ಜೋರಾಗಿ ಜಗ್ಗಿದರೆ ತುಂಡಾಗುವಂಥದ್ದೇ ಆಗಿರಲಿ, ಏಕೆಂದರೆ ಕ್ಯಾಮೆರಾ ಕೊಂಬೆಗೆ ಸಿಕ್ಕಿಕೊಂಡಾಗ ನಿಮ್ಮ ತಲೆ ಅದರೊಂದಿಗೆ ಉಳಿಯಬಾರದು.