ವಿಶೇಷ ಡಿವಿಡೆಂಡ್ ಕೊಟ್ಟಾಗ ರೀಟ್ ಯೂನಿಟ್ ಬೆಲೆ ಏನಾಗುತ್ತದೆ?

ನಿಮ್ಮ ರೀಟ್ (ಹೂಡಿಕೆದಾರರ ದುಡ್ಡಿನಲ್ಲಿ ಕಟ್ಟಡ ಇಟ್ಟುಕೊಂಡು ಬಾಡಿಗೆ ಹಂಚುವ ಟ್ರಸ್ಟ್) ವಿಶೇಷ ಡಿವಿಡೆಂಡ್, ಅಂದರೆ ಮಾಮೂಲಿ ಡಿವಿಡೆಂಡ್ ಅಲ್ಲದೆ ಒಮ್ಮೆ ಕೊಡುವ ಹಂಚಿಕೆ, ಘೋಷಿಸಿದೆ, ಎಕ್ಸ್-ಡೇಟ್‌ಗೆ (ಆ ದಿನದಿಂದ ಕೊಂಡವರಿಗೆ ಈ ಡಿವಿಡೆಂಡ್ ಸಿಗುವುದಿಲ್ಲ) ಮುಂಚೆ ಇನ್ನಷ್ಟು ಯೂನಿಟ್ (ಷೇರಿನಂಥ ಪಾಲು) ಕೊಂಡರೆ ಆ ದುಡ್ಡು ಲಾಭವೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಬರೀ ಅದಕ್ಕೋಸ್ಕರ ಕೊಳ್ಳಬೇಡಿ.

ನಾನು ಹಾಗೆ ಒಮ್ಮೆ ಕೊಂಡಿದ್ದೆ. ಮರುದಿನ ಬೆಳಗ್ಗೆ ಆಪ್ ತೆರೆದರೆ ಯೂನಿಟ್ 12% ಕೆಳಗೆ, ಎಲ್ಲಾ ಕೆಂಪು. ಡಿವಿಡೆಂಡ್ ಖಾತೆಗೆ ಬಿದ್ದದ್ದು ಮೂರು ವಾರದ ಮೇಲೆ. ಲೆಕ್ಕ ಹಾಕಿದರೆ ಕೊಟ್ಟ ದುಡ್ಡೇ ವಾಪಸ್ ಬಂದಿತ್ತು, ಅದರ ಮೇಲೆ ತೆರಿಗೆ ಬೇರೆ.

ಕಾರಣ ಸರಳ. ರೀಟ್ ಒಂದು ಕಟ್ಟಡ ಮಾರಿ ಬಂದ ನಗದನ್ನು ಹಂಚಿತು ಅಂದುಕೊಳ್ಳಿ. ಅಲ್ಲಿಯವರೆಗೆ ಆ ನಗದು ಯೂನಿಟ್ ಬೆಲೆಯೊಳಗೇ ಇತ್ತು. ಎಕ್ಸ್-ಡೇಟ್‌ನಿಂದ ಕೊಳ್ಳುವವರಿಗೆ ಅದು ಸಿಗುವುದಿಲ್ಲ, ಹಾಗಾಗಿ ಅಷ್ಟು ಕಮ್ಮಿ ಬೆಲೆಯನ್ನೇ ಕೊಡುತ್ತಾರೆ. ಮಾಮೂಲಿ ಡಿವಿಡೆಂಡ್‌ನಲ್ಲೂ ಹೀಗೇ ಆಗುತ್ತದೆ. ಮೊತ್ತ ಚಿಕ್ಕದು, ದಿನದ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ ಅಷ್ಟೇ.

ಆದರೆ ಯೂನಿಟ್ ತನ್ನ ಎನ್‌ಎವಿಗಿಂತ, ಅಂದರೆ ಸಾಲ ಕಳೆದು ಉಳಿಯುವ ಆಸ್ತಿ ಮೌಲ್ಯಕ್ಕಿಂತ, ಕಮ್ಮಿಗೆ ಸಿಗುತ್ತಿದ್ದರೆ ಕಥೆ ಬೇರೆ. ಎನ್‌ಎವಿ 100, ಮಾರುಕಟ್ಟೆ ಬೆಲೆ 80 ಇರಲಿ. ಟ್ರಸ್ಟ್ 20 ಹಂಚಿತು, ಎನ್‌ಎವಿ 80ಕ್ಕೆ ಇಳಿಯಿತು. ಮಾರುಕಟ್ಟೆ ಹಳೆಯ 20% ರಿಯಾಯಿತಿಯನ್ನೇ ಉಳಿಸಿಕೊಂಡರೆ ಬೆಲೆ 64. ನಿಮ್ಮ ಕೈಯಲ್ಲಿ 20, ಯೂನಿಟ್‌ನಲ್ಲಿ 64, ಒಟ್ಟು 84. ಟ್ರಸ್ಟ್ ಒಳಗಿದ್ದಾಗ 16 ಅಂತ ಲೆಕ್ಕವಾಗುತ್ತಿದ್ದ ನಗದು ನಿಮ್ಮ ಕೈಗೆ ಪೂರ್ತಿ 20 ಆಗಿ ಬಂತು. ಇದು ನಿಜವಾದ ಲಾಭ. ಆದರೆ ಸಾಮಾನ್ಯವಾಗಿ ಘೋಷಣೆ ಹೊರಬಿದ್ದ ಕೂಡಲೇ ಬೆಲೆ ಇದಕ್ಕೆ ತಕ್ಕಂತೆ ಏರಿಬಿಡುತ್ತದೆ. ಈಗ ಕೊಳ್ಳುವ ನಿಮಗೆ ಅದರಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ.

ಇನ್ನೊಂದು, ಸಾಲ ನೋಡಿ. ಆಸ್ತಿ 200, ಸಾಲ 80 ಇದ್ದರೆ ಸಾಲದ ಪಾಲು 40%. 20ರ ಕಟ್ಟಡ ಮಾರಿ, ಸಾಲ ತೀರಿಸದೆ ಪೂರ್ತಿ ಹಂಚಿದರೆ ಅದು 44% ದಾಟುತ್ತದೆ. ಮಾರಿದ ಕಟ್ಟಡದ ಬಾಡಿಗೆಯೂ ನಿಂತಿತು, ಮುಂದಿನ ಮಾಮೂಲಿ ಡಿವಿಡೆಂಡ್ ಇಳಿಯಬಹುದು. ಎಕ್ಸ್-ಡೇಟ್ ಕುಸಿತಕ್ಕಿಂತ ನನಗೆ ಚಿಂತೆಯಾಗುವುದು ಇದೇ. ಸಾಲ ತಂದು ವಿಶೇಷ ಡಿವಿಡೆಂಡ್ ಕೊಡುವ ಟ್ರಸ್ಟ್‌ನಿಂದ ನಾನಂತೂ ದೂರ ಇರುತ್ತೇನೆ.

ನೋಟಿಸ್‌ನಲ್ಲಿ ಕೊಡುವುದು ನಗದೋ ಯೂನಿಟ್ಟೋ ಅಂತಲೂ ನೋಡಿ. ಕೆನಡಾದ ಕೆಲವು ರೀಟ್‌ಗಳು ವಿಶೇಷ ಹಂಚಿಕೆಯನ್ನು ಯೂನಿಟ್ ರೂಪದಲ್ಲಿ ಕೊಟ್ಟು, ತಕ್ಷಣ ಎಲ್ಲವನ್ನೂ ಒಟ್ಟುಗೂಡಿಸಿ ಮೊದಲಿನ ಸಂಖ್ಯೆಗೇ ತರುತ್ತವೆ. ಆಗ ನಗದು ಹೊರಗೆ ಹೋಗುವುದಿಲ್ಲ, ಆ ಕಾರಣಕ್ಕೆ ಬೆಲೆ ಇಳಿಯುವುದೂ ಇಲ್ಲ.