‘ನೆನಪಿದ್ಯಾ?’ ಅಂತ ಕೇಳಬೇಡಿ

ಅವಳಿಗೆ 24 ವರ್ಷ. ಅಕ್ಕನ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದಳು. (ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.) ಕುಳಿತ ಕೂಡಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸಿದಳು. ಸಮುದ್ರದ ದಂಡೆ, ಐದು ಜನ ಗೆಳತಿಯರು, ನಡುವೆ ಇವಳೇ ಬಾಯ್ತುಂಬ ನಗುತ್ತಿದ್ದಾಳೆ.

“ನಾಲ್ಕು ತಿಂಗಳ ಹಿಂದಿಂದು ಮೇಡಂ. ನಾನು ಹೋಗಿದ್ದೇ ನಂಗೆ ಗೊತ್ತಿಲ್ಲ.”

ಅಕ್ಕ ಸುಮ್ಮನಿರಲಿಲ್ಲ. “ಬಂದ ಮರುದಿನ ಎಲ್ಲಾ ಚೆನ್ನಾಗಿ ಹೇಳಿದ್ಲು. ಈಗ ಗೊತ್ತಿಲ್ಲ ಅಂತಾಳೆ. ಬೇಕಾದ್ದು ಮಾತ್ರ ನೆನಪಿರುತ್ತೆ ಇವಳಿಗೆ.”

ದೂರಿನಲ್ಲೇ ಸುಳಿವಿತ್ತು.

16ನೇ ವಯಸ್ಸಿನಿಂದ ಅವಳಿಗೆ ಮೂರ್ಛೆರೋಗ. ಬಿದ್ದು ಕೈಕಾಲು ಸೆಟೆಯುವ ಫಿಟ್ಸ್ ಮಾತ್ರೆಯಿಂದ ನಿಂತಿದೆ. ಆದರೆ ವಾರಕ್ಕೊಮ್ಮೆಯಾದರೂ ಒಂದೆರಡು ನಿಮಿಷ ದೃಷ್ಟಿ ನೆಟ್ಟು, ತುಟಿ ಚಪ್ಪರಿಸುತ್ತಾ, ಬಟ್ಟೆಯ ಅಂಚು ಹಿಸುಕುತ್ತಾ ಕೂರುತ್ತಾಳೆ. ‘ಏನೋ ಯೋಚನೆಯಲ್ಲಿದ್ದಾಳೆ’ ಅಂತ ಮನೆಯವರು ಬಿಟ್ಟುಬಿಟ್ಟಿದ್ದರು. ಅದೂ ಫಿಟ್ಸೇ. ಆಗ ಹೇಳಿದ ಮಾತು ತಲೆಯೊಳಗೆ ಹೋಗುವುದೇ ಇಲ್ಲ, ಇನ್ನು ಮರೆಯುವುದೆಲ್ಲಿ?

ಪ್ರವಾಸದ್ದು ಬೇರೆ ಕಥೆ. ಡಾಕ್ಟರು ಅವಳ ತೊಂದರೆ ಟೆಂಪೊರಲ್ ಲೋಬ್‌ನಲ್ಲಿ, ಅಂದರೆ ಕಿವಿಯ ಪಕ್ಕದ ಮೆದುಳಿನ ಭಾಗದಲ್ಲಿದೆ ಎಂದು ಬರೆದಿದ್ದರು. ನೆನಪು ಕಟ್ಟುವ ಹಿಪೊಕ್ಯಾಂಪಸ್ ಇರುವುದೂ ಅಲ್ಲೇ. ಇಂಥ ಕೆಲವರಲ್ಲಿ ಹೊಸ ವಿಷಯ ಅರ್ಧ ಗಂಟೆ, ಒಂದು ದಿನ ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ವಾರಗಳಲ್ಲಿ ಸೋರಿಹೋಗುತ್ತದೆ. ಅರ್ಧ ಗಂಟೆಯ ನೆನಪಿನ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಅವಳೂ ಪಾಸಾಗಿದ್ದಳು. ‘ನಾರ್ಮಲ್’ ರಿಪೋರ್ಟ್ ಬಂದ ದಿನದಿಂದ ಮನೆಯಲ್ಲಿ ಅವಳು ಸುಳ್ಳುಗಾತಿ.

ಅಕ್ಕ ಹೊರಗೆ ಹೋದ ಮೇಲೆ ನಿಜವಾದ ಭಯ ಹೊರಬಂತು. ಹೆನ್ರಿ ಮೊಲೈಸನ್ ಬಗ್ಗೆ ಓದಿದ್ದಳು. 1953ರಲ್ಲಿ, ಮೂರ್ಛೆರೋಗ ನಿಲ್ಲಲಿ ಎಂದು ಮೆದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್ ಇರುವ ಭಾಗ ತೆಗೆಸಿಕೊಂಡ ಅಮೆರಿಕದ ಯುವಕ. ಆಮೇಲೆ ಅವನಲ್ಲಿ ಹೊಸ ನೆನಪು ಉಳಿಯಲೇ ಇಲ್ಲ. “ನಾನೂ ಹಾಗಾಗ್ತೀನಾ?” ಇಲ್ಲ, ಅವನಿಗೆ ಎರಡೂ ಕಡೆ ತೆಗೆದಿದ್ದರು, ನಿಮ್ಮದು ಆ ಕಥೆಯಲ್ಲ ಅಂದೆ. ಬಹಳ ಹೊತ್ತು ಅತ್ತಳು.

ಮಾತ್ರೆಗೆ ಅವಳ ಮೊಬೈಲ್‌ನಲ್ಲಿ ಹನ್ನೊಂದು ಅಲಾರಂ! ಅಲಾರಂ ಆಫ್ ಮಾಡಿದ್ದು ನೆನಪಿರುತ್ತದೆ, ನುಂಗಿದ್ದು ಇಲ್ಲ. ಎರಡು ಸಲ ಡಬಲ್ ತಗೊಂಡಿದ್ದಳು. ಆ ಹೆದರಿಕೆಗೆ ಆಮೇಲೆ ಬಿಟ್ಟದ್ದೂ ಉಂಟು. ಅಲಾರಂ ಎರಡೇ ಸಾಕು, ಏಳು ದಿನದ ಖಾನೆಗಳಿರುವ ಡಬ್ಬಿ ತಗೊಳ್ಳಿ ಅಂದೆ. ಖಾನೆ ಖಾಲಿಯಿದ್ದರೆ ನುಂಗಿಯಾಗಿದೆ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ ಮುಚ್ಚಳದ ಒಳಗೆ ಅಂಟಿಸಿ.

ಪದಗಳು ನಾಲಿಗೆ ತುದಿಯಲ್ಲೇ ನಿಲ್ಲುತ್ತವೆ ಅಂತ ಮಾತ್ರೆ ಬಿಡುವ ಯೋಚನೆಯೂ ಇತ್ತು. ಟೋಪಿರಮೇಟ್‌ನಂಥ ಕೆಲವು ಮಾತ್ರೆಗಳಿಂದ ಹೀಗಾಗುವುದು ನಿಜ. ಆದರೆ ದಿಢೀರ್ ಬಿಟ್ಟರೆ ಫಿಟ್ಸ್ ನಿಲ್ಲದೆ ಜೀವಕ್ಕೇ ಕುತ್ತಾಗಬಹುದು. ಬರೆದುಕೊಂಡು ಹೋಗಿ ಡಾಕ್ಟರಿಗೇ ಹೇಳಿ, ದೃಷ್ಟಿ ನೆಟ್ಟು ಕೂರುವುದನ್ನೂ ಹೇಳಿ ಅಂದೆ. ಮರೆವನ್ನು ಗೆಲ್ಲಲು ರಾತ್ರಿ ಎರಡರವರೆಗೆ ಓದುತ್ತಿದ್ದಳು ಬೇರೆ. ನಿದ್ದೆಗೆಟ್ಟರೆ ಫಿಟ್ಸ್ ಜಾಸ್ತಿ, ಫಿಟ್ಸ್ ಜಾಸ್ತಿಯಾದರೆ ಮರೆವು ಜಾಸ್ತಿ. ಹನ್ನೊಂದಕ್ಕೆ ದೀಪ ಆರಿಸುವುದಕ್ಕೆ ಒಪ್ಪಿಸಲು ಎರಡು ಭೇಟಿ ಬೇಕಾಯಿತು.

ಅಕ್ಕನಿಗೂ ಕೆಲಸ ಕೊಟ್ಟೆ. ಅವಳು ಹಾಗೆ ಕೂತಾಗ ಅಲುಗಾಡಿಸಬೇಡಿ, ಪಕ್ಕದಲ್ಲಿದ್ದು ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ‘ನೆನಪಿದ್ಯಾ?’ ಅಂತ ಪರೀಕ್ಷೆ ಮಾಡಬೇಡಿ. ರಾತ್ರಿ ಅವಳು ಐದು ಸಾಲು ಬರೆಯಲಿ, ಭಾನುವಾರ ಇಬ್ಬರೂ ಓದಿ ಹರಟೆ ಹೊಡೆಯಿರಿ.

ಮೂರನೇ ಸಲ ಬಂದಾಗ ಅದೇ ಫೋಟೋ, ಪ್ರಿಂಟ್ ಮಾಡಿಸಿದ್ದು. ಹಿಂದುಗಡೆ ಗೆಳತಿ ಬರೆದಿದ್ದಳು: ‘ನಿನ್ನ ಒಂದು ಚಪ್ಪಲಿ ಅಲೆ ತಗೊಂಡು ಹೋಯ್ತು. ನಗ್ತಾ ಇರೋದು ಅದಕ್ಕೇ.’

ನೆನಪಿದ್ಯಾ ಅಂತ ಕೇಳಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕಳು. “ಇಲ್ಲ ಮೇಡಂ. ಆದ್ರೆ ನನ್ನ ಇನ್ನೊಂದು ಚಪ್ಪಲಿ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು.”