ಅರಿಸ್ಟಾಟಲನ 'ರೆಟರಿಕ್' ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. 'ಎಂಥಿಮೀಮ್' ಅಂದರೆ ಏನು?

ನಿಮ್ಮ ಪ್ರಶ್ನೆ ಓದಿ ನನ್ನ ಎಂಎ ಮೊದಲ ವರ್ಷ ನೆನಪಾಯಿತು. ನಾನು ಕುಂಬಳೆ ಕಡೆಯವಳು, ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. ಇದೇ ಪಾಠವನ್ನು ನಾಲ್ಕು ಸಲ ಓದಿ, ಒಂದು ರಾತ್ರಿ ಅತ್ತೇಬಿಟ್ಟಿದ್ದೆ.

ನಾನು ಎಡವಿದ್ದು ಶುರುವಿನಲ್ಲೇ. ನಿಘಂಟಿನಲ್ಲಿ ರೆಟರಿಕ್‌ಗೆ 'ಅಲಂಕಾರಶಾಸ್ತ್ರ' ಎಂದಿತ್ತು. ಸರಿ, ಉಪಮೆ, ರೂಪಕ ಹುಡುಕುತ್ತಾ ಕೂತೆ. ಆ ಗ್ರಂಥದಲ್ಲಿ ಮೂರು ಭಾಗ. ಶೈಲಿ, ರೂಪಕದ ಚರ್ಚೆ ಬರುವುದು ಮೂರನೆಯದರಲ್ಲಿ. ಮೊದಲೆರಡು ಭಾಗ ಪೂರ್ತಿ, ಕೇಳುವವರನ್ನು ಒಪ್ಪಿಸುವುದು ಹೇಗೆ ಎಂಬುದರ ಬಗ್ಗೆ.

ನೀವೂ ಕಾಸರಗೋಡಿನವರು ಎಂದು ಬರೆದಿದ್ದೀರಿ. ಹಾಗಾದರೆ ಯಕ್ಷಗಾನದ ತಾಳಮದ್ದಳೆ ಕೇಳಿರುತ್ತೀರಿ, ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ, ಮಾತಿನಲ್ಲೇ ಗೆಲ್ಲಬೇಕು. ನನಗೆ ಎಂಥಿಮೀಮ್ ಅರ್ಥವಾದದ್ದು ಅಜ್ಜನ ಜೊತೆ ಕೇಳಿದ 'ವಾಲಿವಧೆ'ಯನ್ನು ನೆನೆದಾಗ.

ಬಾಣ ತಗಲಿ ಬಿದ್ದ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ಹೇಳುತ್ತಾನೆ: ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ಸೆಳೆದುಕೊಂಡೆ, ಅದಕ್ಕೇ ಈ ಶಿಕ್ಷೆ. ಇಲ್ಲಿ ನಡುವೆ ಒಂದು ಮಾತು ಬಿಟ್ಟುಹೋಗಿದೆ. 'ಹಾಗೆ ಮಾಡಿದವನು ಯಾರೇ ಆಗಲಿ, ಶಿಕ್ಷೆಗೆ ತಕ್ಕವನು.' ರಾಮ ಅದನ್ನು ಹೇಳುವುದಿಲ್ಲ. ಕೂತು ಕೇಳುವ ನಾವೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತೇವೆ. ಇಂಥ ವಾದವೇ ಎಂಥಿಮೀಮ್. ಎಲ್ಲರಿಗೂ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೇಳುವವರು ತಾವೇ ಸೇರಿಸಿಕೊಳ್ಳುತ್ತಾರೆ ಎನ್ನುತ್ತಾನೆ ಅರಿಸ್ಟಾಟಲ್.

ಮುಂದಿನದು ಇನ್ನೂ ಚೆಂದ. ಹೇಳದೆ ಬಿಟ್ಟ ಆ ಮಾತನ್ನೇ ವಾಲಿ ಹಿಡಿಯುತ್ತಾನೆ. ನಾನು ಕಪಿ, ಮನುಷ್ಯರ ನಿಯಮ ನನಗೇಕೆ? ಸರಿ, ಕಪಿಯಾದರೆ ನೀನು ಮೃಗ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡಿದರೆ ತಪ್ಪೇನು ಎಂದು ರಾಮ. ಇಲ್ಲೂ ಒಂದು ಮಾತು ಬಿಟ್ಟಿದೆ, ಹುಡುಕಿ ನೋಡಿ. ತಾಳಮದ್ದಳೆಯ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ರೆಕಾರ್ಡಿಂಗ್‌ಗಳು ಸಿಕ್ಕರೆ ಕೇಳಿ. ನೋಟ್ಸ್‌ಗಿಂತ ಜಾಸ್ತಿ ಉಪಯೋಗ.

ಕೇಳುವವರನ್ನು ಒಪ್ಪಿಸಲು ಅರಿಸ್ಟಾಟಲ್ ಹೇಳುವ ಇನ್ನೊಂದು ದಾರಿ ಎಥೋಸ್, ಅಂದರೆ ಮಾತನಾಡುವವನ ಮೇಲೆ ಬರುವ ನಂಬಿಕೆ. ಅದರ ಬಗ್ಗೆ ಒಂದು ಎಚ್ಚರ. ಅದನ್ನು ಸುಮ್ನೆ 'ಹೆಸರು, ಖ್ಯಾತಿ' ಎಂದು ಬರೆಯಬೇಡಿ. ಮಾತನಾಡುತ್ತಾ ಇರುವಾಗ, ಆ ಮಾತಿನಿಂದಲೇ ಹುಟ್ಟುವ ನಂಬಿಕೆ ಅದು.

ಮೊದಲ ಭಾಗದ ಎರಡನೇ ಅಧ್ಯಾಯದಿಂದ ಮತ್ತೆ ಶುರುಮಾಡಿ. ದಿನಕ್ಕೆ ಎರಡು ಪುಟ ಸಾಕು. ವಾದ ಬಂದಲ್ಲೆಲ್ಲ, ಹೇಳದೆ ಬಿಟ್ಟ ವಾಕ್ಯವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲೇ ಬರೆಯಿರಿ. ಮತ್ತೆ ಸಿಕ್ಕಿಕೊಂಡರೆ ಆ ವಾಕ್ಯ ಕಳಿಸಿ, ಒಟ್ಟಿಗೆ ನೋಡೋಣ.